ಮೋಕಾ: ಬಂದರಿನ ಹೆಸರೊಂದು ಹೊತ್ತಿರುವ ಅರ್ಥಗಳು

ಪ್ರಶ್ನೆ: ವಿರಾಜಪೇಟೆ ತಾಲ್ಲೂಕಿನಲ್ಲಿ ನಮ್ಮದೊಂದು ಕಾಫಿ ತೋಟವಿದೆ, ಮನೆಯ ಪಕ್ಕದಲ್ಲೇ ಎರಡು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಈಚೆಗೆ ಬಂದ ಅತಿಥಿಯೊಬ್ಬರು 'ಮೋಕಾ' ಕೇಳಿದರು. ಒಳ್ಳೆಯ ಕಾಫಿ ಕೇಳುತ್ತಿದ್ದಾರೆಂದು ತಿಳಿದು ನಮ್ಮದೇ ಅರೇಬಿಕಾದ ಗಟ್ಟಿ ಡಿಕಾಕ್ಷನ್ ಇಳಿಸಿ ಕೊಟ್ಟೆ. 'ಇದರಲ್ಲಿ ಚಾಕೊಲೇಟ್ ಇಲ್ಲವಲ್ಲ' ಎಂದರು. ಅವರ ಜೊತೆಗಿದ್ದವರು, ಮೋಕಾ ಎಂದರೆ ಒಲೆಯ ಮೇಲಿಡುವ ಒಂದು ಪಾತ್ರೆ ಎಂದರು. ಮಗಳು ಮೈಸೂರಿನಿಂದ ತಂದ ಸೀರೆಯ ಚೀಟಿಯಲ್ಲಿ ಬಣ್ಣದ ಹೆಸರು 'ಮೋಕಾ' ಎಂದಿದೆ. ನಮ್ಮ ತಂದೆಯವರ ಹಳೆಯ ತೋಟದ ಪುಸ್ತಕದಲ್ಲಿ ತೋಡಿನ ಬದಿಯ ಹತ್ತಿಪ್ಪತ್ತು ಗಿಡಗಳಿಗೆ 'ಮೋಕಾ, ಬೀಜ ಗುಂಡು' ಎಂದು ಬರೆದಿದೆ. ಆ ಗಿಡಗಳು ಇಂದಿಗೂ ಇವೆ. ಇವುಗಳಲ್ಲಿ ಯಾವುದು ನಿಜವಾದ ಅರ್ಥ? ನಾವು ಮಾರುವ ಪುಡಿಯ ಪೊಟ್ಟಣದ ಮೇಲೆ 'ಮೋಕಾ' ಎಂದು ಬರೆಯಬಹುದೇ?

ಉತ್ತರ: ನೀವು ಹೇಳಿದ ನಾಲ್ಕೂ ಅರ್ಥಗಳು ಬಳಕೆಯಲ್ಲಿವೆ, ನಾಲ್ಕೂ ಒಂದೇ ಬುಡದಿಂದ ಒಡೆದ ಕವಲುಗಳು. ನಿಮ್ಮ ಅತಿಥಿಗಳಿಬ್ಬರೂ ತಪ್ಪು ಹೇಳಲಿಲ್ಲ. ಆದರೆ ಶಬ್ದದ ಚರಿತ್ರೆಯನ್ನು ನೋಡಿದರೆ, ನೀವು ಕೊಟ್ಟ ಲೋಟವು ಅವರು ಕೇಳಿದ ಪಾನೀಯಕ್ಕಿಂತ ಹಳೆಯ ಅರ್ಥಕ್ಕೆ ಹತ್ತಿರವಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಶಬ್ದ ಊರಿನಿಂದ ಬೀಜಕ್ಕೆ, ಬೀಜದಿಂದ ರುಚಿಗೆ, ರುಚಿಯಿಂದ ಪಾತ್ರೆಗೂ ಬಣ್ಣಕ್ಕೂ ಹೇಗೆ ದಾಟಿತು ಎಂಬುದು ತಿಳಿದರೆ ತಂದೆಯವರ ಬರಹವನ್ನು ಓದಿಕೊಳ್ಳಲೂ ಪೊಟ್ಟಣದ ವಿಷಯವನ್ನು ತೀರ್ಮಾನಿಸಲೂ ದಾರಿ ಸಿಗುತ್ತದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೋಕಾ ಮೂಲತಃ ಒಂದು ಊರು. ಯೆಮನ್ ದೇಶದಲ್ಲಿ, ಕೆಂಪು ಸಮುದ್ರದ ದಡದಲ್ಲಿ, ಬಾಬ್ ಎಲ್ ಮಂದೇಬ್ ಜಲಸಂಧಿಯಿಂದ ಉತ್ತರಕ್ಕೆ ಇರುವ ಬಂದರು ಅದು. ಅರಬ್ಬಿಯಲ್ಲಿ ಅದನ್ನು 'ಅಲ್ ಮಖಾ' ಎನ್ನುತ್ತಾರೆ. ಅಲ್ಲಿರುವ 'ಖ' ನಮ್ಮ ಮಹಾಪ್ರಾಣವಲ್ಲ, ಗಂಟಲಿನ ಹಿಂಭಾಗದಲ್ಲಿ ಉಜ್ಜಿಕೊಂಡು ಬರುವ ಧ್ವನಿ. ಯುರೋಪಿನವರ ಬಾಯಲ್ಲಿ ಅದು 'ಕ' ಆಯಿತು. ಜರ್ಮನ್ನರೂ ಇಟಲಿಯವರೂ ಅದನ್ನು ಉಚ್ಚಾರಕ್ಕೆ ತಕ್ಕಂತೆ 'ಕೆ' ಅಕ್ಷರದಿಂದ ಬರೆದುಕೊಂಡರೆ, ಇಂಗ್ಲಿಷಿನವರು 'ಸಿ', 'ಎಚ್' ಅಕ್ಷರಗಳನ್ನು ಜೋಡಿಸಿ ಬರೆದರು. ಈ ಇಂಗ್ಲಿಷ್ ಬರಹವನ್ನು ಅಕ್ಷರಕ್ಕೆ ಅಕ್ಷರ ಓದಿ 'ಮೋಚಾ' ಎನ್ನುವುದನ್ನು ಮಡಿಕೇರಿಯ ಅಂಗಡಿಗಳ ಫಲಕಗಳಲ್ಲಿಯೂ ನೋಡಿದ್ದೇನೆ. ಅದು ಸರಿಯಲ್ಲ, ಸಂಸ್ಕೃತದಲ್ಲಿ 'ಮೋಚಾ' ಎಂದರೆ ಬಾಳೆ, ಅದಕ್ಕೂ ಕಾಫಿಗೂ ಸಂಬಂಧವಿಲ್ಲ. ಹಾಗೆಯೇ ಬಳ್ಳಾರಿಯ ಹತ್ತಿರದ ಮೋಕಾ ಎಂಬ ಊರಿಗೂ, ನಮ್ಮ ನೆರೆಯ ತುಳುವರು ಪ್ರೀತಿಗೆ ಹೇಳುವ 'ಮೋಕೆ' ಎಂಬ ಸೊಗಸಾದ ಮಾತಿಗೂ, ಹಿಂದಿಯಿಂದ ಬಂದು ಅವಕಾಶ ಎಂಬ ಅರ್ಥದಲ್ಲಿ ಆಡುಮಾತಿನಲ್ಲಿ ಕೇಳಿಬರುವ 'ಮೋಕಾ'ಕ್ಕೂ ಈ ಬಂದರಿಗೂ ನಂಟಿಲ್ಲ. ಧ್ವನಿ ಒಂದೇ ಆದ ಮಾತ್ರಕ್ಕೆ ಹುಟ್ಟು ಒಂದಾಗುವುದಿಲ್ಲ.

ಈ ಶಬ್ದದ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಎಂದರೆ, ಮೋಕಾದಲ್ಲಿ ಕಾಫಿ ಬೆಳೆಯುತ್ತಿರಲಿಲ್ಲ. ಅದು ಉರಿಬಿಸಿಲಿನ, ಮಳೆಯಿಲ್ಲದ ಕಡಲ ತೀರ. ಅರೇಬಿಕಾ ಗಿಡಕ್ಕೆ ಬೇಕಾದ ತಂಪು ಅಲ್ಲಿಲ್ಲ. ಕಾಫಿ ಬೆಳೆಯುತ್ತಿದ್ದುದು ಒಳನಾಡಿನ ಎತ್ತರದ ಬೆಟ್ಟಗಳ ಓರೆಯಲ್ಲಿ, ಕಲ್ಲಿನ ಕಟ್ಟೆ ಕಟ್ಟಿ ಮಾಡಿದ ಮೆಟ್ಟಿಲು ಹೊಲಗಳಲ್ಲಿ. ಅಲ್ಲಿಯ ರೈತರು ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕದೆ, ಇಡಿಯಾಗಿಯೇ ಮನೆಯ ಮಾಳಿಗೆಯ ಮೇಲೆ ಒಣಗಿಸುತ್ತಿದ್ದರು; ಇಂದಿಗೂ ಹಾಗೆಯೇ ಒಣಗಿಸುತ್ತಾರೆ. ನಮ್ಮ ತೋಟದ ಭಾಷೆಯಲ್ಲಿ ಹೇಳಬೇಕಾದರೆ, ಜಗತ್ತೆಲ್ಲ ಕೊಂಡಾಡಿದ ಮೋಕಾ ಕಾಫಿಯು 'ಪಾರ್ಚ್‌ಮೆಂಟ್' (ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಬೀಜ) ಅಲ್ಲ, 'ಅರೇಬಿಕಾ ಚೆರಿ' (ಇಡೀ ಹಣ್ಣಾಗಿಯೇ ಒಣಗಿಸಿದ್ದು). ಒಣಗಿದ ಹಣ್ಣನ್ನು ಬೀಸುವ ಕಲ್ಲಿನಲ್ಲಿ ಒಡೆದು, ಬೀಜವನ್ನು ಮಾರಾಟಕ್ಕೆ ಕಳುಹಿಸಿ, ಉಳಿದ ಸಿಪ್ಪೆಯನ್ನು ಶುಂಠಿಯೊಂದಿಗೆ ಕುದಿಸಿ ತಾವು ಕುಡಿಯುತ್ತಿದ್ದರು. ಆ ಪಾನೀಯಕ್ಕೆ 'ಕಿಶ್ರ್' ಎಂದು ಹೆಸರು. ನಮ್ಮಲ್ಲಿ ಚೆರಿ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತದೆ, ಅವರಲ್ಲಿ ಲೋಟಕ್ಕೆ ಬರುತ್ತದೆ. ನಮ್ಮ ಕೊಡಗಿನ ಬೆಲ್ಲದ ಕಾಫಿಯಂತೆ ಅದು ಬೆಳೆಗಾರರ ಮನೆಯೊಳಗಿನ ಪಾನೀಯ.

ಬೆಟ್ಟದಿಂದ ಇಳಿದ ಬೀಜ ಬೈತ್ ಅಲ್ ಫಕೀಹ್ ಎಂಬ ಒಳನಾಡಿನ ಸಂತೆಯಲ್ಲಿ ಕೈ ಬದಲಾಗಿ, ಒಂಟೆಗಳ ಮೇಲೆ ಕಡಲತೀರ ಸೇರುತ್ತಿತ್ತು. ಹಡಗುಗಳು ನಿಲ್ಲುತ್ತಿದ್ದ ಬಂದರುಗಳಲ್ಲಿ ಮೋಕಾ ಅತ್ಯಂತ ಹೆಸರಾದದ್ದು. ಗುಜರಾತಿನ ಬನಿಯಾ ವರ್ತಕರು, ಡಚ್ಚರು, ಇಂಗ್ಲಿಷರು ಎಲ್ಲರೂ ಅಲ್ಲಿ ಇದ್ದರು. 17ನೆಯ ಶತಮಾನ ಮತ್ತು 18ನೆಯ ಶತಮಾನದ ಮೊದಲ ಭಾಗ ಆ ಊರಿನ ಏಳಿಗೆಯ ಕಾಲ. ಯುರೋಪಿನ ವರ್ತಕನ ಕಣ್ಣಿಗೆ ಬೆಟ್ಟವಾಗಲಿ ಮೆಟ್ಟಿಲು ಹೊಲವಾಗಲಿ ಬೀಳಲಿಲ್ಲ. ಅವನ ಲೆಕ್ಕದ ಪುಸ್ತಕದಲ್ಲಿ ಮೂಟೆ ಹತ್ತಿದ ಜಾಗದ ಹೆಸರು ಮಾತ್ರ ಇತ್ತು. 'ಮೋಕಾದಿಂದ ಬಂದ ಕಾಫಿ' ಎಂಬುದು 'ಮೋಕಾ ಕಾಫಿ'ಯಾಗಿ, ಕೊನೆಗೆ ಬರಿಯ 'ಮೋಕಾ' ಆಯಿತು. ಬೆಳೆದ ನೆಲದ ಹೆಸರು ಅಳಿದು ಸಾಗಿಸಿದ ಬಂದರಿನ ಹೆಸರು ಉಳಿಯಿತು.

ಇದು ದೂರದ ಯೆಮನ್‌ಗೆ ಮಾತ್ರ ಸೇರಿದ ಕಥೆಯಲ್ಲ. 'ಮಾನ್ಸೂನ್ಡ್ ಮಲಬಾರ್' ಎಂಬ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ನಮ್ಮ ಘಟ್ಟದ ಮೇಲಿನ ಅರೇಬಿಕಾ ಚೆರಿಯನ್ನು ಮಂಗಳೂರಿಗೆ ಇಳಿಸಿ, ಮುಂಗಾರಿನ ತೇವದ ಗಾಳಿಗೆ ಗೋದಾಮಿನಲ್ಲಿ ವಾರಗಟ್ಟಲೆ ಹರಡಿ, ಬೀಜ ಉಬ್ಬಿ ಹಳದಿಯಾದ ಮೇಲೆ ಹೊರದೇಶಕ್ಕೆ ಕಳುಹಿಸುತ್ತಾರೆ. ಹಾಯಿ ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿಹಾಕಿ ಯುರೋಪಿಗೆ ಹೋಗುತ್ತಿದ್ದ ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದು ಬೀಜ ತಾನಾಗಿಯೇ ಹಾಗಾಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿ ಹಡಗುಗಳು ಬಂದು ಪ್ರಯಾಣ ಚಿಕ್ಕದಾದ ಮೇಲೆ, ಆ ರುಚಿಗೆ ಒಗ್ಗಿದವರಿಗಾಗಿ ಅದನ್ನು ದಡದ ಮೇಲೆಯೇ ಮಾಡಬೇಕಾಯಿತು. ಬೀಜ ಬೆಳೆದದ್ದು ಬೆಟ್ಟದ ತೋಟದಲ್ಲಿ, ಹೆಸರು ಕಡಲ ತೀರದ್ದು. ಇನ್ನೊಂದು ಉದಾಹರಣೆ ಇದಕ್ಕಿಂತಲೂ ಹತ್ತಿರದ್ದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ, ನಮ್ಮ ಅರೇಬಿಕಾ ಬೆಳೆಗಾರರಿಗೆಲ್ಲ ಗೊತ್ತಿರುವ 'ಎಸ್. 795' ತಳಿಯನ್ನು ಇಂಡೋನೇಷ್ಯಾದ ರೈತರು 'ಜೆಂಬೆರ್' ಎನ್ನುತ್ತಾರೆ. ಏಕೆಂದರೆ ಆ ಸಸಿ ಅವರ ಕೈಗೆ ಬಂದದ್ದು ಜಾವಾ ದ್ವೀಪದ ಜೆಂಬೆರ್ ಊರಿನಲ್ಲಿರುವ ಸಂಶೋಧನಾ ಸಂಸ್ಥೆಯಿಂದ. ಒಂದು ವಸ್ತುವನ್ನು ಪಡೆದವರು ಅದು ತಮಗೆ ದೊರೆತ ಬಾಗಿಲಿನ ಹೆಸರನ್ನೇ ಅದಕ್ಕೆ ಇಡುತ್ತಾರೆ. ಮೋಕಾ ಅಂಥ ಬಾಗಿಲು.

ಮೋಕಾದ ಹೆಸರಿಗೂ ನಮ್ಮ ನೆಲಕ್ಕೂ ನೇರ ನಂಟನ್ನು ಕಟ್ಟಿದವರು ಬಾಬಾ ಬುಡನ್. ಹಜ್ ಯಾತ್ರೆಗೆ ಹೋಗಿ ಹಿಂದಿರುಗುವಾಗ ಮೋಕಾದಿಂದ ಏಳು ಕಾಫಿ ಬೀಜಗಳನ್ನು ಅಡಗಿಸಿ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಎಂಬುದು ಐತಿಹ್ಯ. ಸಾಮಾನ್ಯವಾಗಿ ಹೇಳುವ ಕಾಲ 1670ರ ಸುಮಾರು. ಐತಿಹ್ಯವನ್ನು ಐತಿಹ್ಯವಾಗಿಯೇ ಇಟ್ಟುಕೊಂಡರೂ, ಭಾರತದ ಮೊದಲ ಕಾಫಿ ಗಿಡಗಳು ಯೆಮನ್‌ನ ಬೀಜದಿಂದ ಬಂದವು ಎಂಬ ತಿರುಳು ಒಪ್ಪತಕ್ಕದ್ದು. ಕೊಡಗಿನಲ್ಲಿ ಕಾಫಿ ಗಿಡ ಬ್ರಿಟಿಷರಿಗಿಂತ ಮುಂಚೆಯೇ ಅಲ್ಲಲ್ಲಿ ಇತ್ತು. ದೊಡ್ಡ ತೋಟಗಳ ಕಾಲ ಆರಂಭವಾದದ್ದು 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬ ಆಂಗ್ಲ ಬೆಳೆಗಾರ ತೋಟ ಮಾಡಿದ ಮೇಲೆ. ಆದ್ದರಿಂದ ಹಳೆಯ ತಲೆಮಾರಿನ ಬೆಳೆಗಾರರೊಬ್ಬರು ತಮ್ಮ ಪುಸ್ತಕದಲ್ಲಿ 'ಮೋಕಾ' ಎಂದು ಬರೆದಿದ್ದರೆ ಅದು ಕಾಫಿ ಅಂಗಡಿಯ ಮಾತಲ್ಲ, ಬೀಜದ ಮಾತು.

ಇನ್ನು ಶಬ್ದ ಹೇಗೆ ಹರಡಿತು ಎಂಬುದನ್ನು ನೋಡೋಣ. ಡಚ್ಚರು ಜಾವಾದಲ್ಲಿಯೂ ಫ್ರೆಂಚರು ಬೂರ್ಬೋ (ಇಂದಿನ ರಿಯೂನಿಯನ್) ದ್ವೀಪದಲ್ಲಿಯೂ ತೋಟಗಳನ್ನು ಮಾಡಿದ ಮೇಲೆ ಯೆಮನ್‌ನ ಏಕಸ್ವಾಮ್ಯ ಮುರಿಯಿತು. 1839ರಲ್ಲಿ ಇಂಗ್ಲಿಷರು ಏಡನ್ ಬಂದರನ್ನು ಹಿಡಿದ ನಂತರ ವ್ಯಾಪಾರ ಅತ್ತ ತಿರುಗಿ, ಮೋಕಾ ಊರು ಸೊರಗಿತು. ಊರು ಸೊರಗಿದರೂ ಹೆಸರಿನ ಬೆಲೆ ಏರಿತು. ಏಕೆಂದರೆ ಅಷ್ಟರಲ್ಲಿ 'ಮೋಕಾ' ಎಂದರೆ 'ಒಳ್ಳೆಯ ಕಾಫಿ' ಎಂಬ ಅರ್ಥ ನೆಲೆಯೂರಿತ್ತು. ಜಾವಾದ ಬೀಜದ ಜೊತೆಗೆ ಯೆಮನ್‌ನ ಬೀಜವನ್ನು ಬೆರೆಸಿದ 'ಮೋಕಾ ಜಾವಾ' ಎಂಬ ಮಿಶ್ರಣ ಜಗತ್ತಿನ ಅತಿ ಹಳೆಯ ಕಾಫಿ ಮಿಶ್ರಣವೆಂದು ಪ್ರಸಿದ್ಧವಾಯಿತು. ಫ್ರಾನ್ಸಿನಲ್ಲಿ ಇಥಿಯೋಪಿಯಾದ ಬೀಜವನ್ನೂ 'ಮೋಕಾ ಸಿಡಾಮೊ', 'ಮೋಕಾ ಹರಾರ್' ಎಂದು ಕರೆಯುವ ರೂಢಿ ಬಂತು. ಜರ್ಮನ್ ಮಾತಾಡುವ ನಾಡುಗಳಲ್ಲಿ 'ಮೊಕ್ಕಾ' ಎಂದರೆ ಯಾವ ದೇಶದ ಬೀಜವಾದರೂ ಆಗಬಹುದು, ಚಿಕ್ಕ ಬಟ್ಟಲಿನಲ್ಲಿ ಕೊಡುವ ಹಾಲಿಲ್ಲದ ಗಟ್ಟಿ ಕಾಫಿ. ಅದಕ್ಕೆ ಬಳಸುವ ಪುಟ್ಟ ಬಟ್ಟಲಿಗೂ ಅದೇ ಹೆಸರು ಅಂಟಿಕೊಂಡಿದೆ. ನೀವು ಅತಿಥಿಗೆ ಕೊಟ್ಟ ಗಟ್ಟಿ ಡಿಕಾಕ್ಷನ್ನನ್ನು ವಿಯೆನ್ನಾದ ಹಿರಿಯರೊಬ್ಬರಿಗೆ ಕೊಟ್ಟಿದ್ದರೆ, ಅವರು ಅದನ್ನು ಮೊಕ್ಕಾ ಎಂದು ಒಪ್ಪಿಕೊಂಡು ಕುಡಿಯುತ್ತಿದ್ದರು.

ಚಾಕೊಲೇಟ್ ಎಲ್ಲಿಂದ ಬಂತು? ಯೆಮನ್‌ನ ಒಣಸಂಸ್ಕರಣೆಯ ಬೀಜಕ್ಕೆ ಹಣ್ಣಿನ ಹುಳಿಯ ಜೊತೆಗೆ ಕೋಕೋವನ್ನು ನೆನಪಿಸುವ ಒಂದು ಒಳರುಚಿ ಇದೆ. ಅದು ಬೀಜದಲ್ಲಿಯೇ ಇರುವ ಗುಣ, ಯಾರೂ ಬೆರೆಸಿದ್ದಲ್ಲ. ನಮ್ಮ ಎಸ್. 795ರ ಕಪ್ಪಿನಲ್ಲಿಯೂ 'ಮೋಕಾದ ಎಳೆ' ಇದೆಯೆಂದು ರುಚಿ ನೋಡುವವರು ಹೇಳುವುದು ಇದೇ ಅರ್ಥದಲ್ಲಿ. 19ನೆಯ ಶತಮಾನದಲ್ಲಿ ಪಾಶ್ಚಾತ್ಯ ಅಡುಗೆಯಲ್ಲಿ ಕಾಫಿಯ ರುಚಿ ಕೊಟ್ಟ ಕೇಕಿಗೆ, ಬೆಣ್ಣೆಯ ಕ್ರೀಮಿಗೆ 'ಮೋಕಾ' ಎಂಬ ಹೆಸರು ಬಂತು. ಫ್ರಾನ್ಸಿನ ಮಿಠಾಯಿ ಅಂಗಡಿಗಳಲ್ಲಿ ಇಂದಿಗೂ ಮೋಕಾ ಎಂದರೆ ಅಂಥ ಕಾಫಿ ಕೇಕು, ಅದರಲ್ಲಿ ಚಾಕೊಲೇಟ್ ಇರಲೇಬೇಕೆಂದಿಲ್ಲ. ಆಮೇಲೆ ಕಾಫಿಯನ್ನೂ ಚಾಕೊಲೇಟನ್ನೂ ಬೆರೆಸಿದ ತಿನಿಸಿಗೆ, ಅದರಿಂದ ಮುಂದೆ ಎಸ್ಪ್ರೆಸ್ಸೊ, ಬಿಸಿ ಹಾಲು, ಚಾಕೊಲೇಟ್ ಮೂರೂ ಕೂಡಿದ ಪಾನೀಯಕ್ಕೆ ಹೆಸರು ವರ್ಗವಾಯಿತು. ಬೀಜದಲ್ಲಿ ಎಳೆಯಾಗಿದ್ದ ರುಚಿಯನ್ನು ಡಬ್ಬಿಯಿಂದ ಸುರಿದು ದಪ್ಪಗೊಳಿಸಿದಂತಾಯಿತು. ಇಂದು ಬೆಂಗಳೂರಿನಿಂದ ಬರುವ ಅತಿಥಿಯ ಬಾಯಲ್ಲಿ ಈ ಶಬ್ದಕ್ಕೆ ಇರುವ ಅರ್ಥ ಇದೊಂದೇ ಆಗಿರುವ ಸಾಧ್ಯತೆ ಹೆಚ್ಚು, ಮತ್ತು ಅದು ಗೌರವಿಸಬೇಕಾದ ಅರ್ಥವೇ. ನೀವು ಮಾಡಿಕೊಡಬೇಕೆಂದಿದ್ದರೆ ಯಂತ್ರ ಬೇಕಾಗಿಲ್ಲ: ಕೋಕೋ ಪುಡಿಯನ್ನು ಸಕ್ಕರೆಯೊಂದಿಗೆ ಸೇರಿಸಿ, ಬಿಸಿ ಡಿಕಾಕ್ಷನ್ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಗಂಟಿಲ್ಲದಂತೆ ಕಲಸಿ, ಆಮೇಲೆ ಕಾಯಿಸಿದ ಹಾಲನ್ನು ಮೇಲಿಂದ ಎತ್ತಿ ಸುರಿದರೆ ಸಾಕು. ಪುಡಿಯನ್ನು ನೇರವಾಗಿ ಹಾಲಿಗೆ ಹಾಕಿದರೆ ಅದು ಮೇಲೆಯೇ ತೇಲುತ್ತದೆ.

ಪಾತ್ರೆಯ ಅರ್ಥ ಎಲ್ಲಕ್ಕಿಂತ ಸ್ಪಷ್ಟವಾಗಿ ತಾರೀಖು ಹೇಳಬಹುದಾದದ್ದು. 1933ರಲ್ಲಿ ಇಟಲಿಯ ಅಲ್ಫೋನ್ಸೊ ಬಿಯಾಲೆಟ್ಟಿ ಅವರ ಕಾರ್ಖಾನೆಯಿಂದ ಹೊರಬಂದ ಎಂಟು ಮುಖಗಳ ಅಲ್ಯೂಮಿನಿಯಮ್ ಪಾತ್ರೆಗೆ 'ಮೋಕಾ ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟರು. ಕೆಳಗಿನ ಕೋಣೆಯಲ್ಲಿ ನೀರು, ನಡುವಿನ ಜರಡಿಯ ಬಟ್ಟಲಿನಲ್ಲಿ ಪುಡಿ, ಮೇಲಿನ ಕೋಣೆ ಖಾಲಿ. ಒಲೆಯ ಮೇಲಿಟ್ಟಾಗ ಕೆಳಗಿನ ಕೋಣೆಯಲ್ಲಿ ಉಗಿಯ ಒತ್ತಡ ಏರಿ, ಬಿಸಿನೀರು ಪುಡಿಯನ್ನು ತೂರಿ ಮೇಲಕ್ಕೆ ಹತ್ತುತ್ತದೆ. ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದ ತಾನೇ ಕೆಳಗಿಳಿಯುತ್ತದೆ, ಅದರಲ್ಲಿ ಕೆಳಗಿನಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ಆ ಪಾತ್ರೆಗೆ ಯೆಮನ್‌ನ ಬೀಜವೇ ಬೇಕೆಂದಿಲ್ಲ, ಚಾಕೊಲೇಟಂತೂ ಬೇಕಾಗಿಯೇ ಇಲ್ಲ. ಒಳ್ಳೆಯ ಕಾಫಿಯ ಹೆಸರನ್ನು ತಯಾರಕರು ತಮ್ಮ ಸರಕಿಗೆ ಎರವಲು ಪಡೆದರು, ಆ ಸರಕು ಮನೆಮನೆಗೆ ಹೋಯಿತು, ಈಗ ಯಾರು ಮಾಡಿದರೂ ಅಂಥ ಪಾತ್ರೆಗೆ ಮೋಕಾ ಪಾತ್ರೆ ಎನ್ನುತ್ತಾರೆ.

ಸೀರೆಯ ಬಣ್ಣ ಪಾನೀಯದಿಂದ ಬಂದದ್ದು: ಹಾಲು ಬೆರೆತ, ಕೆಂಪಿಗೂ ಕಪ್ಪಿಗೂ ವಾಲದ ಕಂದು. ಬಣ್ಣಗಳಿಗೆ ಹೆಸರು ಕೊಡುವ ಪ್ಯಾಂಟೋನ್ ಸಂಸ್ಥೆ 2025ರ ವರ್ಷದ ಬಣ್ಣವಾಗಿ 'ಮೋಕಾ ಮೂಸ್' ಎಂಬುದನ್ನು ಆರಿಸಿದ ಮೇಲೆ ಬಟ್ಟೆ ಅಂಗಡಿಗಳ ಚೀಟಿಗಳಲ್ಲಿ ಆ ಹೆಸರು ಇನ್ನಷ್ಟು ಕಾಣಿಸಿಕೊಂಡಿದೆ. ಕೈಗವಸು ಮಾಡುವ ಮೆತ್ತನೆಯ ಕುರಿಚರ್ಮಕ್ಕೂ ಮೋಕಾ ಎನ್ನುವುದುಂಟು. ಕಂಪ್ಯೂಟರಿನವರ ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರಲ್ಲಿ ಬ್ರೆಂಡನ್ ಐಕ್ ಅವರು ರೂಪಿಸಿದಾಗ ಅದರ ಮೊದಲ ಹೆಸರು ಮೋಕಾ ಆಗಿತ್ತು. ಜಾವಾ ಎಂಬುದೂ ಕಾಫಿಗೆ ಹೆಸರಾದ ದ್ವೀಪವೇ ತಾನೆ.

ಕಾಫಿಯನ್ನು ಮುಟ್ಟದೆಯೇ ಬಂದರಿನಿಂದ ನೇರವಾಗಿ ಬಂದ ಒಂದು ಅರ್ಥವೂ ಇದೆ, ಅದಕ್ಕಾಗಿ ಅದನ್ನು ಬಿಡಿಸಿ ಹೇಳುತ್ತೇನೆ. ಬಿಳಿಯ ಅಗೇಟ್ ಕಲ್ಲಿನೊಳಗೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು ಹರಡಿಕೊಂಡು ಜರಿಗಿಡದ ಎಲೆಯಂತೆ ಚಿತ್ರ ಬರೆದ ಕಲ್ಲುಗಳಿವೆ. ಅವು ಆ ಬಂದರಿನ ಮೂಲಕ ಯುರೋಪಿಗೆ ಹೋದದ್ದರಿಂದ 'ಮೋಕಾ ಕಲ್ಲು' ಎನಿಸಿಕೊಂಡವು. ಇಂಥ ಕಲ್ಲು ನಮ್ಮ ದಖ್ಖನ್ನಿನ ನೆಲದಲ್ಲಿಯೂ ಸಿಗುತ್ತದೆ. 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕುಂಬಾರರು ಈ ಕಲ್ಲಿನ ಚಿತ್ರವನ್ನು ತಮ್ಮ ಪಾತ್ರೆಯ ಮೇಲೆ ತರಲು ಒಂದು ಉಪಾಯ ಕಂಡುಕೊಂಡರು. ಪಾತ್ರೆಯ ಮೇಲೆ ಬಳಿದ ಮಣ್ಣಿನ ತೆಳುಲೇಪ ಇನ್ನೂ ಒದ್ದೆಯಾಗಿರುವಾಗಲೇ, ಹೊಗೆಸೊಪ್ಪಿನ ಕಷಾಯದಂಥ ಹುಳಿಯಿರುವ ಬಣ್ಣದ ದ್ರವವನ್ನು ಕುಂಚದ ತುದಿಯಿಂದ ಒಂದೇ ಒಂದು ಹನಿ ಮುಟ್ಟಿಸುತ್ತಿದ್ದರು. ಹನಿ ಬಿದ್ದ ಜಾಗದಿಂದ ಬಣ್ಣ ತಾನಾಗಿಯೇ ಕವಲೊಡೆಯುತ್ತ, ಕವಲಿನಿಂದ ಕಿರುಕವಲಾಗುತ್ತ, ಕ್ಷಣದೊಳಗೆ ಒಂದು ಮರವಾಗಿ ನಿಲ್ಲುತ್ತಿತ್ತು. ಅದಕ್ಕೆ 'ಮೋಕಾ ಪಾತ್ರೆ' ಎಂದೇ ಹೆಸರು; ಇಟಲಿಯ ಕಾಫಿ ಪಾತ್ರೆಗೂ ಇದಕ್ಕೂ ಹೆಸರು ಒಂದೇ, ಸಂಬಂಧ ಇಲ್ಲ. ಆದರೆ ಎರಡೂ ಹೆಸರುಗಳು ಕೊನೆಗೆ ಆ ಒಂದೇ ದಡಕ್ಕೆ ಹೋಗಿ ಮುಟ್ಟುತ್ತವೆ.

ಊರಿನ ಹೆಸರು ಹೀಗೆ ವಸ್ತುವಿನ ಹೆಸರಾಗುವುದು ಕನ್ನಡಕ್ಕೆ ಹೊಸದಲ್ಲ. 'ಇಳಕಲ್ಲು ಉಟ್ಟಿದ್ದಾಳೆ' ಎಂದರೆ ಊರನ್ನು ಉಟ್ಟಳೆಂದು ಯಾರೂ ತಿಳಿಯುವುದಿಲ್ಲ. 'ಸೀರೆ' ಎಂಬ ಮುಖ್ಯಪದ ಬಿದ್ದುಹೋಗಿ ವಿಶೇಷಣವೇ ನಾಮಪದದ ಕೆಲಸ ಮಾಡುತ್ತದೆ. ಮೊಸಂಬಿ ಹಣ್ಣಿನ ಹೆಸರಿನಲ್ಲಿ ಮೊಜಾಂಬಿಕ್ ಇದೆಯೆಂದು ಹೇಳುತ್ತಾರೆ. ನಮ್ಮ ಜಿಲ್ಲೆಯ ಹೆಸರಿನ ಇಂಗ್ಲಿಷ್ ರೂಪವನ್ನೇ ನೋಡಿ. 'ಕೂರ್ಗ್' ಎಂದರೆ ಪ್ರವಾಸಿಗೆ ಮಡಿಕೇರಿ ಪಟ್ಟಣ. ಹಣ್ಣಿನ ಅಂಗಡಿಯಲ್ಲಿ ಅದು ಕಿತ್ತಳೆ. ಸೀರೆಯ ನೆರಿಗೆಯನ್ನು ಹಿಂದಕ್ಕೆ ಹಾಕಿ, ಸೆರಗನ್ನು ಮುಂದಕ್ಕೆ ತಂದು ಬಲ ಹೆಗಲ ಮೇಲೆ ಕಟ್ಟುವ ಕೊಡವರ ಕ್ರಮಕ್ಕೂ ಹೊರಗಿನವರು ಅದೇ ಹೆಸರು ಹೇಳುತ್ತಾರೆ. ಕಾಫಿಯ ಚರಿತ್ರೆಯಲ್ಲಿ ಅದೊಂದು ತಳಿ: 'ಚಿಕ್ಸ್' ಎಂಬ ಹಳೆಯ ಅರೇಬಿಕಾ ರೋಗಕ್ಕೂ ಕಾಂಡಕೊರಕಕ್ಕೂ ಬಲಿಯಾದ ಮೇಲೆ ಮೈಸೂರು ಸೀಮೆಯ ಬೆಳೆಗಾರರು ಕೊಡಗಿನಿಂದ ತರಿಸಿ ನೆಟ್ಟ ಬೀಜದ ಗಿಡಗಳು 'ಕೂರ್ಗ್ಸ್' ಎನಿಸಿಕೊಂಡವು, ಅವುಗಳ ನಂತರ ಬಂದದ್ದು 'ಕೆಂಟ್ಸ್'. ಕೊಡಗಿನಲ್ಲಿ ಹುಟ್ಟಿದ ನಮಗೆ ಕೊಡಗು ಎಂದರೆ ಇವು ಯಾವುವೂ ಅಲ್ಲ, ನಾಡು. ಮೋಕಾದ ಮನೆಯವರಿಗೂ ಮೋಕಾ ಎಂದರೆ ಊರೇ.

ಹೀಗಿರುವಾಗ 'ನಿಜವಾದ ಅರ್ಥ ಯಾವುದು' ಎಂಬ ಪ್ರಶ್ನೆಗೆ ನಾನು ಒಂದೇ ಉತ್ತರ ಕೊಡಲಾರೆ. ಹಳೆಯ ಅರ್ಥ ಯಾವುದು ಎಂದು ಕೇಳಿದರೆ ಹೇಳಬಹುದು: ಊರು, ಆಮೇಲೆ ಆ ಊರಿನ ಮೂಲಕ ಬಂದ ಬೀಜ. ಆದರೆ ಹಳೆಯದಾದ ಮಾತ್ರಕ್ಕೆ ಅದು ಈಗಿನ ಅರ್ಥವನ್ನು ರದ್ದುಮಾಡುವುದಿಲ್ಲ. ಶಬ್ದದ ಅರ್ಥವನ್ನು ಅದರ ಪಕ್ಕದಲ್ಲಿ ನಿಂತ ಮಾತು ತೀರ್ಮಾನಿಸುತ್ತದೆ. ಲೋಟದ ಜೊತೆಗೆ ಬಂದರೆ ಪಾನೀಯ, ಒಲೆಯ ಜೊತೆಗೆ ಬಂದರೆ ಪಾತ್ರೆ, ಸೆರಗಿನ ಜೊತೆಗೆ ಬಂದರೆ ಬಣ್ಣ, ಗಿಡದ ಜೊತೆಗೆ ಬಂದರೆ ಬೀಜ.

ಪೊಟ್ಟಣದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಖಚಿತವಾಗಿದೆ. ಕಾಫಿ ಪುಡಿಯ ಪೊಟ್ಟಣದ ಮೇಲೆ ಬೇರೇನನ್ನೂ ಸೇರಿಸದೆ 'ಮೋಕಾ' ಎಂದು ಬರೆದರೆ, ಕೊಳ್ಳುವವರು ಅದನ್ನು ಯೆಮನ್‌ನ ಬೀಜವೆಂದಾದರೂ ಚಾಕೊಲೇಟ್ ಬೆರೆತದ್ದೆಂದಾದರೂ ತಿಳಿಯುತ್ತಾರೆ. ನಿಮ್ಮ ಪುಡಿ ಎರಡೂ ಅಲ್ಲ. ಹಿಂದಿನ ಶತಮಾನಗಳ ವರ್ತಕರು ಬೇರೆ ನಾಡಿನ ಬೀಜಕ್ಕೆ ಮೋಕಾ ಎಂಬ ಹೆಸರು ಹಚ್ಚಿ ಮಾರಿದ್ದರಿಂದಲೇ ಆ ಹೆಸರು ತನ್ನ ನೆಲವನ್ನು ಕಳೆದುಕೊಂಡಿತು. ನಮ್ಮ ಹೆಸರಿಗೆ ಹಾಗಾಗಬಾರದೆಂದೇ 'ಕೂರ್ಗ್ ಅರೇಬಿಕಾ ಕಾಫಿ'ಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತದ್ದು. ಆ ಹೆಸರನ್ನು ಅಧಿಕೃತವಾಗಿ ಬಳಸಲು ಬೆಳೆಗಾರರು ನೋಂದಾಯಿಸಿಕೊಳ್ಳಬೇಕಾಗುತ್ತದೆ; ಕಾಫಿ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ. ಕೊಡಗಿನಲ್ಲಿ ಕುಳಿತು ಕೊಡಗಿನ ಬೀಜಕ್ಕೆ ಇನ್ನೊಂದು ಊರಿನ ಹೆಸರು ಹಚ್ಚುವುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಕೊನೆಯದಾಗಿ ತಂದೆಯವರ ಬರಹ. 'ಮೋಕಾ, ಬೀಜ ಗುಂಡು' ಎಂಬುದಕ್ಕೆ ಎರಡು ವಿವರಣೆಗಳು ಸಾಧ್ಯ. ಸಾಮಾನ್ಯವಾಗಿ ಕಾಫಿ ಹಣ್ಣಿನಲ್ಲಿ ಎರಡು ಬೀಜಗಳು ಬೆನ್ನು ದುಂಡಗೆ, ಹೊಟ್ಟೆ ಚಪ್ಪಟೆಯಾಗಿ ಎದುರುಬದುರು ಕೂಡಿರುತ್ತವೆ. ಅವುಗಳಲ್ಲೊಂದು ಬೆಳೆಯದೆ ಹೋದರೆ ಉಳಿದದ್ದು ಜಾಗವನ್ನೆಲ್ಲ ತುಂಬಿಕೊಂಡು ಗುಂಡಾಗುತ್ತದೆ. ಬೀಜವನ್ನು ಸಂಸ್ಕರಿಸಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ 'ಪಿ.ಬಿ.' ಎಂದು ಬೇರೆ ಮಾಡುವ ಪೀಬೆರಿ ಅದು. ಯೆಮನ್‌ನ ಬೀಜ ಚಿಕ್ಕದಾಗಿ ದುಂಡಗಿರುವುದರಿಂದ, ಗುಂಡು ಬೀಜ ಕಂಡವರು ಅದನ್ನು ಮೋಕಾ ಎಂದುಕೊಳ್ಳುವುದು ಸಹಜ. ಎರಡನೆಯದು, ಅರೇಬಿಕಾದಲ್ಲಿಯೇ 'ಮೊಕ್ಕಾ' ಎಂಬ ಪ್ರತ್ಯೇಕ ರೂಪವೊಂದಿದೆ. ಅದು ಬೂರ್ಬೋ ತಳಿಯಿಂದ ಒಡೆದದ್ದು: ಗಿಡ ಗಿಡ್ಡ, ಎಲೆ ಚಿಕ್ಕದು, ಹಣ್ಣು ಚಿಕ್ಕದು, ಇಳುವರಿ ಕಡಿಮೆ, ಒಂದು ಹಣ್ಣಿನಲ್ಲಿ ಎರಡು ಬೀಜಗಳಿದ್ದೂ ಅವು ಪುಟ್ಟದಾಗಿ ದುಂಡಗಿರುತ್ತವೆ. ಹವಾಯಿಯ ಮಾವಿ ದ್ವೀಪದಲ್ಲಿ ಅದನ್ನು ಇಂದಿಗೂ ಬೆಳೆಯುತ್ತಾರೆ. ಯೆಮನ್‌ನಿಂದ ಬಂದ ಬೀಜವೆಲ್ಲ ಈ ತಳಿಯದಾಗಿರಲಿಲ್ಲ. ಬೀಜದ ಆಕಾರ ನೋಡಿ ಬಂದ ಹೆಸರು ಇದು.

ಎರಡರಲ್ಲಿ ಯಾವುದೆಂದು ನೀವೇ ನೋಡಬಹುದು. ಮೊದಲು ಆ ಗಿಡಗಳು ಅರೇಬಿಕಾವೋ, ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾವೋ ಎಂದು ಖಚಿತಪಡಿಸಿಕೊಳ್ಳಿ. ರೊಬಸ್ಟಾ ಆಗಿದ್ದರೆ ಅವು ಮೊಕ್ಕಾ ಆಗಿರಲು ಸಾಧ್ಯವೇ ಇಲ್ಲ, ಪೀಬೆರಿ ಹೆಚ್ಚಾಗಿ ಕಟ್ಟುವ ಗಿಡಗಳಷ್ಟೆ. ಅರೇಬಿಕಾ ಆಗಿದ್ದರೆ ಈ ಸಲದ ಕೊಯ್ಲಿನಲ್ಲಿ ಆ ಗಿಡಗಳ ಹಣ್ಣನ್ನು ಬೇರೆಯಾಗಿ ಕುಯ್ಯಿಸಿ, ಬೇರೆ ಬೇರೆ ಗಿಡಗಳಿಂದ 100 ಮಾಗಿದ ಹಣ್ಣುಗಳನ್ನು ತೆಗೆದುಕೊಂಡು, ಒಂದೊಂದನ್ನೂ ಬೆರಳಿನಿಂದ ಹಿಚುಕಿ ಬೀಜ ಎಣಿಸಿ. ಐದರಿಂದ ಹತ್ತು ಹಣ್ಣುಗಳಲ್ಲಿ ಮಾತ್ರ ಒಂಟಿ ಗುಂಡು ಬೀಜವಿದ್ದು ಉಳಿದವುಗಳಲ್ಲಿ ಚಪ್ಪಟೆ ಹೊಟ್ಟೆಯ ಜೋಡಿ ಬೀಜಗಳಿದ್ದರೆ ಅದು ಎಲ್ಲ ತೋಟಗಳಲ್ಲಿಯೂ ಇರುವ ಪೀಬೆರಿ. ಒಂಟಿ ಬೀಜ ಇದಕ್ಕಿಂತ ಬಹಳ ಹೆಚ್ಚಿದ್ದರೆ ಗಿಡಕ್ಕೆ ನೀರಿನ ಕೊರತೆಯೋ ಪರಾಗದ ಕೊರತೆಯೋ ಆಗಿರಬಹುದು. ಬಹುತೇಕ ಎಲ್ಲ ಹಣ್ಣುಗಳೂ ಚಿಕ್ಕದಾಗಿದ್ದು, ಎರಡೆರಡು ಪುಟ್ಟ ದುಂಡು ಬೀಜಗಳು ಸಿಕ್ಕರೆ, ಎಲೆಯೂ ನಿಮ್ಮ ಉಳಿದ ಅರೇಬಿಕಾ ಗಿಡಗಳ ಎಲೆಗಿಂತ ಸ್ಪಷ್ಟವಾಗಿ ಚಿಕ್ಕದಾಗಿದ್ದರೆ, ದಯವಿಟ್ಟು ಆ ಗಿಡಗಳನ್ನು ಕಡಿಸಬೇಡಿ, ಮರುನೆಡುವಿಕೆಯ ಪಟ್ಟಿಯಿಂದ ಕೈಬಿಡಿ. ಎಲೆಯಿರುವ ಒಂದು ರೆಂಬೆಯನ್ನೂ ಒಂದು ಹಿಡಿ ಹಣ್ಣನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ತಂದೆಯವರ ಪುಸ್ತಕದ ಆ ಪುಟದ ಪ್ರತಿಯೊಂದಿಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಒಯ್ದು ತೋರಿಸಿ. ಆ ಎಣಿಕೆಯ ಫಲ ಏನೆಂದು ನನಗೂ ಒಂದು ಸಾಲು ಬರೆದು ತಿಳಿಸಬೇಕೆಂದು ಕೋರುತ್ತೇನೆ.